ಟೊಪ್ಪಿ ಟ್ರಾನ್ಸಿಸ್ಟರೂ ನಮ್ಮಣ್ಣನ ಅಟ್ಟಣೆಯೂ

ಕರೆಂಟಿನ ಜೊತೆ ಸಲಿಗೆ ಬೆಳೆಸಿದವನ ಬದುಕಿನಲ್ಲಿ ನಗುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. ಒಂದೇ ತೊಂದರೆ ಅಂದರೆ, ನಗುವವರು ಯಾವಾಗಲೂ ಬೇರೆಯವರು.

ತಾಳವಾಡಿ ಪೇಟೆಯಲ್ಲಿ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಮನೆ, ಹೊಲ ಎರಡೂ ಜೀರಹಳ್ಳಿ ಕಡೆ, ಕಾಡಿಗೆ ಅಂಟಿಕೊಂಡಂತೆ ಇವೆ. ಹೊಲ ನೋಡಿಕೊಳ್ಳುವವನು ನಮ್ಮಣ್ಣ. ನೋಡಿಕೊಳ್ಳುವುದು ಅಂದರೆ ಹಗಲೆಲ್ಲ ಗೇಯುವುದು, ಕತ್ತಲಾದ ಮೇಲೆ ಮರದ ಮೇಲಿನ ಅಟ್ಟಣೆ ಹತ್ತಿ ತಗಡು ಬಡಿದು ಆನೆ ಓಡಿಸುವುದು. ಮುಸುಕಿನ ಜೋಳ ತೆನೆ ಕಟ್ಟಿದಾಗಿನಿಂದ ರಾಗಿ ಕಣಕ್ಕೆ ಬರುವ ತನಕ ಅವನಿಗೆ ಮನೆಯ ಹಾಸಿಗೆ ಅನ್ನುವುದೇ ಇಲ್ಲ. ಆ ಚಳಿಗೆ ಅವನ ಎದೆ ಕಟ್ಟಿ, ಮಾತಿಗಿಂತ ಕೆಮ್ಮೇ ಜಾಸ್ತಿಯಾಗಿತ್ತು. ಅವನನ್ನು ಅಟ್ಟಣೆಯಿಂದ ಇಳಿಸಲೇಬೇಕು ಅನ್ನುವುದು ನನ್ನ ಹಠ. ನಾನೇ ಕರೆಂಟಿನ ಬೇಲಿ ಮಿಷಿನ್ ಮಾಡುತ್ತೇನೆ, ಮುಂದಿನ ಬೆಳೆಗೆ ನೀನು ಮನೆಯಲ್ಲಿ ಮಲಗುತ್ತೀಯ ಅಂತ ಎಲ್ಲರ ಮುಂದೆ ಮಾತು ಕೊಟ್ಟುಬಿಟ್ಟೆ. ಎರಡು ಸಾವಿರದ ಇಸವಿ ಕಳೆದ ಹೊಸತು ಅದು.

ಮೀಟರಿನ ಕರೆಂಟನ್ನೇ ತಂತಿಗೆ ಕೊಟ್ಟರೆ ಆಯಿತಲ್ಲ ಅಂತ ಪಕ್ಕದ ಹೊಲದವನು ಬುದ್ಧಿ ಹೇಳಿದ. ಹಾಗೆ ಮಾಡಿದರೆ ಆನೆ ಸಾಯುತ್ತದೆ, ಅದಕ್ಕೂ ಮುಂಚೆ ಮನೆಯವರಲ್ಲಿ ಒಬ್ಬರು ಸಾಯುತ್ತಾರೆ, ಉಳಿದವರು ಜೈಲಿಗೆ ಹೋಗುತ್ತಾರೆ. ನನಗೆ ಬೇಕಾದದ್ದು ಸಾಯಿಸದೆ ಬೆಚ್ಚಿಬೀಳಿಸುವ ಹೊಡೆತ: 'ಟಕ್' ಅಂತ ಒಮ್ಮೆ ಹೊಡೆದು, ಬಿಟ್ಟು, ಮತ್ತೆ ಹೊಡೆಯುವಂಥದ್ದು. ಬ್ಯಾಟರಿಯ ಕರೆಂಟನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಉಣಿಸಿದರೆ ಆಚೆ ಕಡೆಯಿಂದ ಸಾವಿರಗಟ್ಟಲೆ ವೋಲ್ಟ್ ಬರುತ್ತದೆ. ಆ ಕಡಿಯುವ ಕೆಲಸ ಪವರ್ ಟ್ರಾನ್ಸಿಸ್ಟರಿನದು. ನೋಡಲು ಸಣ್ಣ ತಗಡಿನ ಟೊಪ್ಪಿ, ಅಡಿಯಲ್ಲಿ ಎರಡು ಕಾಲು. ಒಂದರಿಂದ ಆಗುವ ಕೆಲಸವಲ್ಲ, ನಾಲ್ಕನ್ನು ಜೊತೆಗೆ ಕಟ್ಟಬೇಕು. ಪುಸ್ತಕದಲ್ಲಿ ಇದೆಲ್ಲ ಅರ್ಧ ಪುಟದ ವಿಷಯ. ಆ ಅರ್ಧ ಪುಟ ನನ್ನ ಹರೆಯದಲ್ಲಿ ಉಳಿದಿದ್ದಷ್ಟನ್ನೂ ತಿಂದು ಹಾಕಿತು.

೧. ಮೂರು ಬಗೆಯ ಒರಿಜಿನಲ್

ತಾಳವಾಡಿಯಲ್ಲಿ ಟೊಪ್ಪಿ ಟ್ರಾನ್ಸಿಸ್ಟರ್ ಎಲ್ಲಿ ಸಿಗಬೇಕು? ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ಕೊಯಮತ್ತೂರಿಗೇ ಹೋಗಬೇಕು. ಘಾಟಿಯ ತಿರುವುಗಳಲ್ಲಿ ಬೆಳಗಿನ ತಿಂಡಿಯನ್ನು ಬಸ್ಸಿನ ಕಿಟಕಿಯಿಂದಾಚೆ ಒಪ್ಪಿಸಿ, ಹಸಿದ ಹೊಟ್ಟೆಯಲ್ಲಿ ಅಂಗಡಿ ಬೀದಿ ಸೇರಿದೆ. ಅಂಗಡಿಯವನು ಪೇಪರಿನಿಂದ ತಲೆ ಎತ್ತದೆ ತಮಿಳಿನಲ್ಲಿ ಕೇಳಿದ:

"ಒರಿಜಿನಲ್ ವೇಣುಮಾ, ನಲ್ಲ ಒರಿಜಿನಲ್ ವೇಣುಮಾ?"

ಬರೀ ಒರಿಜಿನಲ್ ಬೇಕೋ, ಒಳ್ಳೆಯ ಒರಿಜಿನಲ್ ಬೇಕೋ ಅಂತ. ವ್ಯತ್ಯಾಸ ಏನು ಅಂದೆ. ಬರೀ ಒರಿಜಿನಲ್ ಅಂದರೆ ಇದೇ ಬೀದಿಯಲ್ಲಿ ತಯಾರಾದದ್ದು, ಒಳ್ಳೆಯ ಒರಿಜಿನಲ್ ಅಂದರೆ ಬೇರೆ ಬೀದಿಯಲ್ಲಿ ತಯಾರಾದದ್ದು ಅಂತ ವಿವರಿಸಿದ. ಹಾಗಾದರೆ ನಿಜವಾದದ್ದು ಅಂದೆ. ಅದಕ್ಕೆ ಕಂಪನಿ ಒರಿಜಿನಲ್ ಅನ್ನುತ್ತಾರೆ, ಅದು ಬರುವುದು ನಿಂತು ಎಷ್ಟೋ ಕಾಲವಾಯಿತು, ಈಗ ಯಾರೂ ಕೇಳುವುದೂ ಇಲ್ಲ ಅಂದ.

ಒಳ್ಳೆಯ ಒರಿಜಿನಲ್ ತಂದೆ. ಅಣ್ಣ, ಅತ್ತಿಗೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸ್ವಿಚ್ ಒತ್ತಿದೆ. ಬೆರಳು ತೆಗೆಯುವಷ್ಟರಲ್ಲಿ ನಾಲ್ಕೂ ಸತ್ತಿದ್ದವು. ಹೊಗೆಯಿಲ್ಲ, ಸದ್ದಿಲ್ಲ. ಅವರಿಬ್ಬರೂ ಮಿಷಿನ್ ಇನ್ನೇನು ಶುರುವಾಗುತ್ತದೆ ಅಂತ ಕಾಯುತ್ತಲೇ ಇದ್ದರು. ಹೊಟ್ಟೆ ಉರಿದು ಒಂದರ ಟೊಪ್ಪಿಯನ್ನು ಗರಗಸದಲ್ಲಿ ಕೊಯ್ದು ನೋಡಿದೆ. ಒಳಗೆ ಉಗುರಿನಷ್ಟಗಲ ಇರಬೇಕಾದ ಚೂರು ರಾಗಿಕಾಳಿನಷ್ಟಿತ್ತು. ಮೇಲೆ ನೋಡಿದರೆ ಅಷ್ಟು ದೊಡ್ಡ ಟೊಪ್ಪಿ.

ಮತ್ತೆ ಘಾಟಿ ಇಳಿದು ಹೋಗಿ ಅದನ್ನು ಅವನ ಮುಂದಿಟ್ಟೆ. ಅವನು ಅತ್ತ ಇತ್ತ ತಿರುಗಿಸಿ ನೋಡಿ, ಇದನ್ನು ಕೊಯ್ದವರು ಯಾರು ಅಂತ ಕೇಳಿದ. ನಾನೇ ಅಂದೆ. ನನ್ನ ಬಗ್ಗೆ ನಿಜವಾಗಿಯೂ ಮರುಕಪಟ್ಟವನಂತೆ, ನೀನು ತಪ್ಪು ಮಾಡಿದೆ ತಂಬಿ, ಮುಚ್ಚಿಕೊಂಡಿರುವ ತನಕ ಅದು ಒರಿಜಿನಲ್ಲೇ ಆಗಿತ್ತಲ್ಲ ಅಂದ.

೨. ಚೆಕ್‌ಪೋಸ್ಟಿನ ಟಿವಿ

ಆಮೇಲೆ ಹೊಸದನ್ನು ಬಿಟ್ಟು ಹಳೆಯದಕ್ಕೆ ಕೈ ಹಾಕಿದೆ. ಕೊಯಮತ್ತೂರಿನ ಗುಜರಿಗಳಲ್ಲಿ ಹಳೆಯ ಮಿಷಿನ್‌ಗಳಿಂದ ಬಿಚ್ಚಿದ ನಿಜವಾದ ಟೊಪ್ಪಿಗಳು ಸಿಕ್ಕವು. ಒಂದಷ್ಟು ತಾಮ್ರದ ಸುರುಳಿ, ವೈರು, ಕೆಪಾಸಿಟರ್ ಎಲ್ಲ ಸೇರಿಸಿ ಬ್ಯಾಗಿಗೆ ತುಂಬಿ ಬಸ್ಸು ಹತ್ತಿದೆ. ಅದು ನಮ್ಮ ಕಾಡುಗಳಲ್ಲಿ ಕಾಡುಗಳ್ಳನಿಗಾಗಿ ದೊಡ್ಡ ಹುಡುಕಾಟ ನಡೆಯುತ್ತಿದ್ದ ಕಾಲ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿ ಬಂದೂಕಿನವರು ಅಕ್ಕಿ ಗಂಟನ್ನೂ ಬಿಡದೆ ತಡಕುತ್ತಿದ್ದರು. ನನ್ನ ಬ್ಯಾಗು ತೆರೆದವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ನನ್ನನ್ನು ಇಳಿಸಿದರು, ಬಸ್ಸು ಹೋಯಿತು.

ಅವರ ಸಾಹೇಬರು ಸಾಮಾನುಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ ಇದೇನು ಅಂತ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆನೆ, ಬೇಲಿ, ಅಣ್ಣನ ಕೆಮ್ಮು ಎಲ್ಲ. ಹೇಳುತ್ತ ಹೇಳುತ್ತ ಅದು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸತೊಡಗಿತು. ಗುಜರಿಯಿಂದ ತಂದ ಟೊಪ್ಪಿಗಳಿಂದ ಆನೆ ಓಡಿಸುತ್ತೇನೆ ಅನ್ನುವವನನ್ನು ಯಾರು ನಂಬುತ್ತಾರೆ? ಸಾಹೇಬರು, ನೀನು ಮೆಕ್ಯಾನಿಕ್ ಅನ್ನುವುದಕ್ಕೆ ಸಾಕ್ಷಿ ಏನು ಅಂದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಟಿವಿಗೆ ಗುದ್ದುವ ಸದ್ದು ಕೇಳಿಸಿತು. ಅವತ್ತು ಕ್ರಿಕೆಟ್ ಮ್ಯಾಚಿತ್ತು, ಪರದೆಯ ಮೇಲೆ ಬರೀ ಕತ್ತಲೆ.

ಟಿವಿಯೊಳಗೆ ಸತ್ತಿದ್ದದ್ದು ಅದೇ ಟೊಪ್ಪಿಯ ಜಾತಿ. ಅದಕ್ಕೆ ಒಗ್ಗುವಂಥದ್ದು ನನ್ನ ಬ್ಯಾಗಿನಲ್ಲೇ ಇತ್ತು. ಹಾಕಿಕೊಟ್ಟೆ. ಮ್ಯಾಚು ಬಂತು. ಆಮೇಲೆ ಅವರ ಎಮರ್ಜೆನ್ಸಿ ಲೈಟು ಬಂತು, ಅದರ ಹಿಂದೆ ಟೇಪ್‌ರೆಕಾರ್ಡರು ಬಂತು. ಎಲೆ ಹಾಕಿ ಅನ್ನ ಸಾರು ಬಡಿಸಿ, ನಿನ್ನಂಥವರು ಈ ಬೆಟ್ಟಕ್ಕೆ ಬೇಕಪ್ಪಾ ಅಂತ ಬೆನ್ನು ತಟ್ಟಿ ಕಳಿಸಿದರು. ಮನೆಗೆ ಬಂದು ನೋಡಿದರೆ ಬ್ಯಾಗಿನಲ್ಲಿ ಬರೀ ವೈರು ಉಳಿದಿತ್ತು. ಅಣ್ಣ ಏನೂ ಕೇಳದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಅಟ್ಟಣೆಗೆ ಹೊರಟ. ಅವನು ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಆ ಚೆಕ್‌ಪೋಸ್ಟಿನಲ್ಲಿ ನನ್ನ ಬ್ಯಾಗನ್ನು ಯಾರೂ ತಪಾಸಣೆ ಮಾಡಲಿಲ್ಲ. ನೇರವಾಗಿ ನನ್ನನ್ನೇ ಇಳಿಸಿಕೊಳ್ಳುತ್ತಿದ್ದರು.

೩. ಒಂದೇ ನೊಗಕ್ಕೆ ನಾಲ್ಕು

ಅಂತೂ ಇಂತೂ ಮತ್ತೆ ನಾಲ್ಕು ಕೂಡಿಸಿದೆ. ಒಂದು ಸತ್ತ ಇನ್ವರ್ಟರಿನದು, ಒಂದು ಚಾಮರಾಜನಗರದ ಗುಜರಿಯದು, ಒಂದು ಹಳೆಯ ಟೇಪ್‌ರೆಕಾರ್ಡರಿನದು, ಇನ್ನೊಂದು ಎಲ್ಲಿಯದೋ. ನಾಲ್ಕರ ಬಲವೂ ಬೇರೆ ಬೇರೆ. ಜೊತೆಗೆ ಕಟ್ಟಿ ಸ್ವಿಚ್ ಹಾಕಿದೆ. ಈ ಸಲ ಮಿಷಿನ್ 'ಟಕ್' ಅಂದಿತು, ಮತ್ತೂ ಒಂದೆರಡು ಸಲ ಅಂದಿತು, ಆಮೇಲೆ ಸುಮ್ಮನಾಯಿತು.

ಜಗುಲಿಯ ಮೇಲೆ ಕೂತಿದ್ದ ಅಣ್ಣ ಏನಾಯಿತು ಅಂತ ಕೇಳಿದ. ವಿವರಿಸಿದೆ. ನಾಲ್ಕರಲ್ಲಿ ಯಾವುದು ಬಲವಾದದ್ದೋ ಅದು ಮೊದಲು ಭಾರವೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಎಳೆದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಜಾಸ್ತಿ ಎಳೆಯುತ್ತದೆ, ಹಾಗೇ ಎಳೆದು ಎಳೆದು ಸತ್ತುಹೋಗುತ್ತದೆ. ಆಮೇಲೆ ಉಳಿದವು ಅದೇ ದಾರಿ ಹಿಡಿಯುತ್ತವೆ. ಅದಕ್ಕೇ ಒಂದೊಂದರ ಕಾಲಿಗೂ ಒಂದು ಪುಟ್ಟ ರೆಸಿಸ್ಟರ್ ಕಟ್ಟಬೇಕು, ಅದು ಮೂಗುದಾರ ಇದ್ದ ಹಾಗೆ, ಮುನ್ನುಗ್ಗಿದ್ದನ್ನು ಹಿಂದಕ್ಕೆ ಜಗ್ಗುತ್ತದೆ ಅಂದೆ. ಅಣ್ಣನಿಗೆ ವಿಷಯ ಸರಿಯಾಗಿ ತಲೆಗೆ ಹೋಯಿತು ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಹಗಲು ಗೇದು, ರಾತ್ರಿ ಕಾಯ್ದು, ಕೆಮ್ಮುತ್ತ ಕೂತಿದ್ದವನು ಕೇಳಿದ:

"ಜಾಸ್ತಿ ಎಳಿಯದ್ಕೆ ಮೂಗುದಾರ ಆಕ್ತಿಯ, ಸರಿ ಕಣ್ಲಾ. ಎಳೀದಲೇ ಸುಮ್ನೆ ನಿಂತ್ಕಂಡಿರ್ತದಲ್ಲ, ಅದ್ಕೆ ಏನಾಕ್ತಿಯ?"

ಅದಕ್ಕೆ ಪುಸ್ತಕದಲ್ಲಿ ಏನೂ ಹೇಳಿಲ್ಲ ಅಂದೆ. ಅವನು ಟ್ರಾನ್ಸಿಸ್ಟರ್ ಕಡೆ ನೋಡುತ್ತಿರಲಿಲ್ಲ, ನೆರಳಲ್ಲಿ ಕೂತು ಸ್ಕ್ರೂ ತಿರುಗಿಸುತ್ತಿದ್ದ ನನ್ನ ಕಡೆ ನೋಡುತ್ತಿದ್ದ ಅನ್ನುವುದು ನನಗೆ ಹೊಳೆದದ್ದು ಮಾರನೆಯ ದಿನ.

೪. ಮುಹೂರ್ತದ ರಜೆ

ಒಂದೇ ಬಲದ ನಾಲ್ಕು ಬೇಕು ಅಂದರೆ ಒಂದೇ ಕಡೆ ಹುಟ್ಟಿದ ನಾಲ್ಕು ಸಿಗಬೇಕು. ಅಂಥವು ಇಡೀ ತಾಳವಾಡಿ ಬೆಟ್ಟದಲ್ಲಿ ಇದ್ದದ್ದು ಒಂದೇ ಕಡೆ, ದೊಡ್ಡಗಾಜನೂರಿನ ಮೈಕ್‌ಸೆಟ್ಟಿನವನ ಆಂಪ್ಲಿಫೈಯರಿನಲ್ಲಿ. ಅವನ ಅಪ್ಪನ ಕಾಲದ್ದು, ಕಂಪನಿ ಒರಿಜಿನಲ್. ಎಷ್ಟೋ ಸಲ ಹೋಗಿ ಬೇಡಿಕೊಂಡ ಮೇಲೆ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ. ಮದುವೆ ಇದ್ದ ದಿನ ಅವು ಅವನಿಗೆ ವಾಪಸ್ಸು ಬೇಕು. ನಮ್ಮ ಕಡೆ ಹೆಣ್ಣಿಲ್ಲದಿದ್ದರೆ ಮದುವೆ ಮುಂದಕ್ಕೆ ಹಾಕಿಯಾರು, ಮೈಕಿಲ್ಲದಿದ್ದರೆ ಮದುವೆ ಆಯಿತು ಅಂತ ಯಾರೂ ಒಪ್ಪುವುದಿಲ್ಲ.

ನಾಲ್ಕನ್ನೂ ಮೂಗುದಾರ ಹಾಕಿ ಕಟ್ಟಿದೆ. ಬೇಲಿ ಮಾತಾಡಿತು. ಟಕ್, ಟಕ್, ಟಕ್. ಹಂದಿಯೊಂದು ಮೂತಿ ತಾಗಿಸಿ ಕಿರುಚಿಕೊಂಡು ಓಡಿದ್ದನ್ನು ಅಣ್ಣನೇ ಕಣ್ಣಾರೆ ನೋಡಿದ. ಅಟ್ಟಣೆಯಿಂದ ಇಳಿದು ಬಂದು ಮನೆಯಲ್ಲಿ ಮಲಗಿದ. ಅವನ ಗೊರಕೆ ಕೇಳಿ ನನಗೆ ಆದ ಸಂತೋಷ ನನ್ನ ಜೀವನದಲ್ಲಿ ಮತ್ತೆ ಆಗಿಲ್ಲ.

ಕಾರ್ತಿಕ ಬಂತು. ಒಂದು ಸಂಜೆ ಮೈಕ್‌ಸೆಟ್ಟಿನವನು ಮೊಪೆಡ್ಡಿನಲ್ಲಿ ಬಂದು ಸ್ಕ್ರೂಡ್ರೈವರ್ ಹಿಡಿದು ನಿಂತ. ಬಿಚ್ಚಿಕೊಟ್ಟೆ. ಎರಡು ದಿನ ಬಿಟ್ಟು ತಂದುಕೊಟ್ಟ, ಹಾಕಿದೆ. ಮತ್ತೆ ಬಂದ, ಮತ್ತೆ ಬಿಚ್ಚಿದೆ. ಮುಹೂರ್ತ ಇದ್ದ ದಿನವೆಲ್ಲ ನಮ್ಮ ಬೇಲಿಗೆ ರಜೆ, ಅಣ್ಣನಿಗೆ ಡ್ಯೂಟಿ. ಆನೆಗಳಿಗೆ ಪಂಚಾಂಗ ಯಾರು ಓದಿ ಹೇಳುತ್ತಿದ್ದರೋ ಗೊತ್ತಿಲ್ಲ, ಅವೂ ಸರಿಯಾಗಿ ಮುಹೂರ್ತ ನೋಡಿಯೇ ಬರುತ್ತಿದ್ದವು. ಒಂದು ಸಲವಂತೂ ಮದುವೆ ನಮ್ಮೂರಲ್ಲೇ ಆಯಿತು. ಆನೆ ನಮ್ಮ ರಾಗಿಯಲ್ಲಿ ನಿಂತಿದೆ, ನಮ್ಮ ಬೇಲಿಯ ಟ್ರಾನ್ಸಿಸ್ಟರುಗಳು ಚಪ್ಪರದಲ್ಲಿ ನಾದಸ್ವರ ಊದುತ್ತಿವೆ. ಬೆಳಿಗ್ಗೆ ಅಣ್ಣ ಕೆಂಪಾದ ಕಣ್ಣು ಉಜ್ಜಿಕೊಂಡು ಅಟ್ಟಣೆಯಿಂದ ಇಳಿದು ಬಂದು ಹೇಳಿದ್ದು ಇಷ್ಟೇ:

"ಮೂಗುದಾರ ತಗುದ್ರೆ ಚೆಂದಾಗ್ ಪದ ಆಡ್ತಾವ ಕಣ್ಲಾ."

೫. ಮೂರೆಳೆ ವಿಭೂತಿ

ಮೈಕ್‌ಸೆಟ್ಟಿನವನು ಹೊಸ ಆಂಪ್ಲಿಫೈಯರ್ ತಂದ ಮೇಲೆ ಆ ನಾಲ್ಕೂ ನಮ್ಮಲ್ಲೇ ಉಳಿದವು. ಇನ್ನು ನಮಗೆ ಯಾರ ಹಂಗೂ ಇಲ್ಲ ಅಂದುಕೊಂಡಿದ್ದೆ. ಮುಂದಿನ ವರ್ಷದ ಆಯುಧಪೂಜೆ ಬಂತು.

ಅವತ್ತು ಅತ್ತಿಗೆ ಮನೆಯ ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಕ್ಯಾನು, ಪಂಪ್‌ಸೆಟ್ಟು ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಿದ್ದಳು. ಮಿಷಿನ್ ಆಫ್ ಮಾಡಿ ಇಟ್ಟಿದ್ದೆ, ನೀರು ಹಾಕಬೇಡ ಅಂತಲೂ ಹೇಳಿದ್ದೆ. ಅವಳು ನೀರು ಹಾಕಲಿಲ್ಲ. ವಿಭೂತಿಯನ್ನು ಗಟ್ಟಿಯಾಗಿ ಕಲಸಿಕೊಂಡು, ಮೂರು ಬೆರಳಲ್ಲಿ ಮಿಷಿನ್ನಿನ ಹಣೆಗೆ ಭಕ್ತಿಯಿಂದ ಎಳೆದಳು. ಹಣೆ ಅಂದರೆ ಅವಳ ಲೆಕ್ಕದಲ್ಲಿ ಈ ಕೊನೆಯಿಂದ ಆ ಕೊನೆಯವರೆಗೆ. ಈ ಕೊನೆಯಲ್ಲಿ ಸಾವಿರಗಟ್ಟಲೆ ವೋಲ್ಟ್ ಹೊರಗೆ ಬರುವ ತಿರುಪು, ಆ ಕೊನೆಯಲ್ಲಿ ನನ್ನ ನಾಲ್ಕು ಟೊಪ್ಪಿ.

ಸಂಜೆ ನೋಡದೆ ಸ್ವಿಚ್ ಹಾಕಿದೆ. ನೀಲಿ ಕಿಡಿಯೊಂದು ಒದ್ದೆ ವಿಭೂತಿಯ ಮೂರೆಳೆಯ ಮೇಲೆ ಬೇಲಿಯ ಮೇಲಿನ ಓತಿಕ್ಯಾತದಂತೆ ಓಡಿ ಟೊಪ್ಪಿಗಳನ್ನು ತಲುಪಿತು. ಎರಡು ಅಲ್ಲೇ ಹೋದವು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತಿಗೆ ಆರತಿ ತಟ್ಟೆ ಕೆಳಗಿಟ್ಟು ನನ್ನನ್ನೇ ತರಾಟೆಗೆ ತೆಗೆದುಕೊಂಡಳು:

"ಕುಡ್ಲಿಗೂ ಇಟ್ಟಿನಿ, ಪಂಪ್‌ಸೆಟ್ಟಿಗೂ ಇಟ್ಟಿನಿ, ಒಂದಾರ ಏನಾರ ಅಂತಾ? ನಿನ್ ಮಿಷಿನ್ಗೊಂದ್ಕೇ ದೇವ್ರು ಆಗ್ಬರದಿಲ್ಲ."

೬. ನಿಮ್ಮಾನೆ

ಸತ್ತ ಎರಡರ ಜಾಗಕ್ಕೆ ಬಜಾರಿನ ಎರಡನ್ನು ಹಾಕಿದೆ. ವೋಲ್ಟ್ ಹುಟ್ಟುವ ಭಾಗವನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ, ಟೊಪ್ಪಿಗಳು ಕೂತಿದ್ದ ಅಲ್ಯೂಮಿನಿಯಂ ಹಲಗೆಯನ್ನು ಮಾತ್ರ ಗಾಳಿ ಆಡಲಿ ಅಂತ ಹೊರಗೆ ಬಿಟ್ಟೆ. ಬೇಲಿ ಮತ್ತೆ ಮಾತಾಡಿತು. ಆನೆ ಬಂದು, ಸೊಂಡಿಲು ತಾಗಿಸಿ, ಬೆಚ್ಚಿ, ತಿರುಗಿ ಪಕ್ಕದ ಹೊಲಕ್ಕೆ ಹೋಯಿತು.

ಬೆಳಿಗ್ಗೆ ಆ ಹೊಲದವನು ನಮ್ಮ ಅಂಗಳದಲ್ಲಿ ನಿಂತಿದ್ದ. ಮೀಟರಿನ ಕರೆಂಟು ಕೊಡು ಅಂತ ಬುದ್ಧಿ ಹೇಳಿದ್ದವನೇ.

"ನಿಮ್ಮಾನೆ ನಮ್ಮೊಲಕ್ಕೆ ಬಂದಿತ್ತು," ಅಂದ.

ಅದು ನಮ್ಮಾನೆ ಯಾವಾಗ ಆಯಿತು ಅಂತ ಕೇಳಿದೆ. ಬೇಲಿ ಇಲ್ಲದಾಗ ಅದು ಕಾಡಿನ ಆನೆ, ಹಿಂದೆಲ್ಲ ಅದು ನಿಮ್ಮಲ್ಲಿ ಹೊಟ್ಟೆ ತುಂಬಿಸಿಕೊಂಡು ಮರ್ಯಾದೆಯಿಂದ ವಾಪಸ್ಸು ಹೋಗುತ್ತಿತ್ತು, ಈಗ ನೀನು ಹೊಡೆದು ಹಸಿದ ಹೊಟ್ಟೆಯಲ್ಲಿ ನಮ್ಮಲ್ಲಿಗೆ ಅಟ್ಟಿದ್ದೀಯ ಅಂತ ವಾದಿಸಿದ. ಟೀ ಅಂಗಡಿಯಲ್ಲಿ ಕೂತಿದ್ದ ಹಿರಿಯರು ಅದೂ ನ್ಯಾಯವೇ ಅಂದರು. ಕೊನೆಗೆ ನನ್ನ ಮಿಷಿನ್ನಿಂದಲೇ ಅವನ ಹೊಲಕ್ಕೂ ತಂತಿ ಎಳೆಯಬೇಕು ಅಂತ ತೀರ್ಮಾನವಾಯಿತು. ತಂತಿ ಉದ್ದವಾಯಿತು, ಟೊಪ್ಪಿಗಳ ಮೇಲೆ ಭಾರ ಹೆಚ್ಚಾಯಿತು. ನಮ್ಮ ವಂಶದಲ್ಲಿ ಯಾರೂ ಆನೆ ಸಾಕಿದವರಿರಲಿಲ್ಲ, ಆ ಕೊರತೆಯೂ ಅವತ್ತು ನೀಗಿತು.

೭. ಬೆಚ್ಚಗಿನ ಮಿಷಿನ್

ಭಾರ ಹೆಚ್ಚಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಜೋಳದ ಒಂದು ಭಾಗ ನೆಲಸಮವಾಗಿತ್ತು. ಮಿಷಿನ್ ಯಾವಾಗ ನಿಂತಿತೋ ಯಾರಿಗೂ ಗೊತ್ತಿಲ್ಲ. ಟೊಪ್ಪಿ ಬದಲಾಯಿಸಿದೆ. ಅಣ್ಣ ಮಾತ್ರ ನಂಬಿಕೆ ಕಳೆದುಕೊಂಡಿದ್ದ. ಟಕ್ ಟಕ್ ನಿಂತರೆ ಯಾರಾದರೂ ತಗಡು ಬಡಿಯಬೇಕಲ್ಲ ಅಂತ ಮತ್ತೆ ಅಟ್ಟಣೆ ಹತ್ತಿದ. ಮಿಷಿನ್ ಕೆಳಗಿದ್ದರೆ ಸದ್ದು ಸರಿಯಾಗಿ ಕೇಳಿಸುವುದಿಲ್ಲ ಅಂತ ಅದನ್ನೂ ಮೇಲೆ ಒಯ್ದು ಪಕ್ಕದಲ್ಲಿಟ್ಟುಕೊಂಡ. ನಾನು ಇಷ್ಟು ವರ್ಷ ಒದ್ದಾಡಿದ್ದರ ಫಲ ಇದು. ಮೊದಲು ಹೊಲವನ್ನು ಕಾಯುತ್ತಿದ್ದವನು ಈಗ ಹೊಲದ ಜೊತೆ ನನ್ನ ಮಿಷಿನ್ನನ್ನೂ ಕಾಯುತ್ತಿದ್ದ. ಅವನ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಆದರೆ ಮಿಷಿನ್ ಸಾಯುವುದು ನಿಲ್ಲಲಿಲ್ಲ. ಇನ್ನೂ ಜಾಸ್ತಿಯಾಯಿತು. ಚಳಿ ಹೆಚ್ಚಿದ್ದ ದಿನವೇ ಸಾಯುತ್ತಿತ್ತು, ಅದು ನನಗೆ ಅರ್ಥವೇ ಆಗಲಿಲ್ಲ. ಟ್ರಾನ್ಸಿಸ್ಟರ್ ಸಾಯುವುದು ಬಿಸಿಗೆ. ಕೈ ಮರಗಟ್ಟುವ ಮಾಗಿಯಲ್ಲಿ ಬಯಲಲ್ಲಿಟ್ಟ ಮಿಷಿನ್ ಹೇಗೆ ಬಿಸಿಯಾಗುತ್ತದೆ? ಮೂಗುದಾರ ಬದಲಾಯಿಸಿದೆ, ಹಲಗೆ ದೊಡ್ಡದು ಮಾಡಿದೆ, ಕೊಯಮತ್ತೂರಿನವನಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆ. ಊರಿನವರು ಬೆಳಿಗ್ಗೆ ಸಿಕ್ಕಾಗ ಆರೋಗ್ಯ ವಿಚಾರಿಸುತ್ತಿದ್ದದ್ದು ನನ್ನದಲ್ಲ, ಮಿಷಿನ್ನಿನದು. ವಿಚಿತ್ರ ಅಂದರೆ ಅಣ್ಣನ ಕೆಮ್ಮು ಮಾತ್ರ ಕಡಿಮೆಯಾಗುತ್ತ ಬಂದಿತ್ತು. ಅತ್ತಿಗೆ ಅದು ತಾನು ಕೊಟ್ಟ ಮೆಣಸಿನ ಕಷಾಯದ ಗುಣ ಅಂದಳು.

ಒಂದು ಮುಂಜಾನೆ, ಇನ್ನೂ ಮಂಜು ಇಳಿಯುತ್ತಿರುವಾಗ, ನಾನೇ ಅಟ್ಟಣೆ ಹತ್ತಿ ನೋಡಿದೆ. ಅಣ್ಣ ಮಗ್ಗುಲಾಗಿ ಮಲಗಿದ್ದ, ಕಂಬಳಿ ತಲೆಯ ತನಕ ಎಳೆದುಕೊಂಡಿದ್ದ. ಮಿಷಿನ್ ಎಲ್ಲೂ ಕಾಣಲಿಲ್ಲ. ಕಂಬಳಿಯೊಳಗಿಂದ ಟಕ್, ಟಕ್ ಅನ್ನುವ ಸದ್ದು ಬರುತ್ತಿತ್ತು. ಎತ್ತಿ ನೋಡಿದರೆ, ಸಾವಿರಗಟ್ಟಲೆ ವೋಲ್ಟಿನ ಡಬ್ಬಿಯನ್ನು ತಬ್ಬಿಕೊಂಡು, ಟೊಪ್ಪಿಗಳು ಕೂತ ಬಿಸಿ ಹಲಗೆಯನ್ನು ಎದೆಗೆ ಒತ್ತಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾನೆ.

ಗಾಬರಿಯಲ್ಲಿ ಅವನ ಹೆಗಲು ಹಿಡಿದು ಅಲುಗಿಸಿ ಎಬ್ಬಿಸಿದೆ. ಅವನು ಗಾಬರಿಯಾಗಲಿಲ್ಲ.

"ಬೆಚ್ಗಿರ್ತದ ಕಣ್ಲಾ," ಅಂದ. "ಇದ ಮಗ್ಗುಲ್ಗಾಕಂಡ್ಮೇಲೆ ಎದೆ ಇಡ್ಕಳದೇ ನಿಂತೋಯ್ತು."

ನನಗೆ ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಸಂಕಟವಾಯಿತು. ಕೂತು ಮೊದಲಿಂದ ಹೇಳಿದೆ. ಕಂಬಳಿಯೊಳಗೆ ಇಟ್ಟರೆ ಬಿಸಿ ಹೊರಗೆ ಹೋಗುವುದಿಲ್ಲ, ಬಲವಾದದ್ದು ಇನ್ನೂ ಎಳೆಯುತ್ತದೆ, ನಾಲ್ಕೂ ಸಾಯುತ್ತವೆ, ಬೇಲಿ ಸತ್ತರೆ ಆನೆ ಬರುತ್ತದೆ. ಇಷ್ಟು ದಿನ ನನ್ನ ಮಿಷಿನ್ ಕೊಂದದ್ದು ನೀನೇ, ಮಿಷಿನ್ ಸಾಯುತ್ತದೆ ಅಂತ ಕಾಯುವುದಕ್ಕೆ ಇಲ್ಲಿ ಮಲಗಿದವನೂ ನೀನೇ ಅಂದೆ. ಅಣ್ಣ ಎಲ್ಲವನ್ನೂ ಗಮನವಿಟ್ಟು ಕೇಳಿದ. ಎದೆಯಿಂದ ಹಲಗೆ ಮಾತ್ರ ಕದಲಿಸಲಿಲ್ಲ.

"ಈಚ್ಗಿಟ್ರೆ ನಾನ್ ಸಾಯ್ತಿನಿ," ಅಂದ. "ಒಳಗಿಟ್ರೆ ಅದ್ ಸಾಯ್ತದ."

ಅದಕ್ಕೇ ಹೇಳುವುದು, ನೀನು ಮನೆಗೆ ಬಾ, ಇದು ತನ್ನ ಪಾಡಿಗೆ ಇಲ್ಲಿ ತಣ್ಣಗೆ ಇರುತ್ತದೆ, ನಿಲ್ಲುವುದೇ ಇಲ್ಲ, ಇನ್ನು ಅಟ್ಟಣೆ ಹತ್ತುವ ಕೆಲಸವೇ ನಿನಗಿಲ್ಲ ಅಂದೆ. ಅವನ ಕೈ ಹಿಡಿದುಕೊಂಡು, ನಾನು ಇಷ್ಟೆಲ್ಲ ಮಾಡಿದ್ದು ನಿನ್ನನ್ನು ಕೆಳಗೆ ಇಳಿಸುವುದಕ್ಕೇ ಅಣ್ಣಾ ಅಂದೆ. ಅಷ್ಟು ವರ್ಷದಲ್ಲಿ ಅದನ್ನು ಅವನ ಮುಖಕ್ಕೆ ಹೇಳಿದ್ದು ಅದೇ ಮೊದಲು.

ಅಣ್ಣ ಕಂಬಳಿ ಸರಿಮಾಡಿಕೊಂಡ.

"ಮನೇಲಿ ಬೋ ಚಳಿ ಕಣ್ಲಾ," ಅಂದ. "ಅಲ್ಗೂ ಇಂತದೊಂದ್ ಮಾಡ್ಕೊಡು. ಇಳಿತಿನಿ."